ಮಹದೇವಯ್ಯನ ಗುಳಿಗೆ

ಹೊನ್ನೂರಿನ ಮಹದೇವಯ್ಯನ ಅಂಗಡಿಯಲ್ಲಿ ಬೀಡಿ, ಎಲೆಅಡಿಕೆ, ಸೋಪಿನ ಜೊತೆಗೆ ನೋವಿನ ಗುಳಿಗೆಯೂ ಬಿಡಿಯಾಗಿ ಸಿಗುತ್ತಿತ್ತು. ಕಬ್ಬು ಕಡಿದು ಬಂದವರಿಗೆ, ನಾಟಿ ಹಾಕಿ ಸೊಂಟ ಹಿಡಿಸಿಕೊಂಡವರಿಗೆ ಅವನೇ ಡಾಕ್ಟರು. ಓದಿದ್ದು ಆರನೇ ಕ್ಲಾಸು. ಕೈಗುಣ ಮಾತ್ರ ದೊಡ್ಡದು ಅಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಅವನ ಹೆಂಡತಿ ಶಿವಮ್ಮನಿಗೆ ಮಂಡಿನೋವು. ಎರಡು ವರ್ಷದಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ನುಂಗಿಕೊಂಡೇ ಗದ್ದೆ ಕೆಲಸ ಮಾಡುತ್ತಿದ್ದಳು. ಈಗ ಒಂದು ತಿಂಗಳಿಂದ ಹೊಟ್ಟೆಯ ಬಲಗಡೆ ನೋವು ಶುರುವಾಗಿತ್ತು. ಅದರ ಮುಂದೆ ಗಂಡನ ಕೈಗುಣ ನಡೆಯಲಿಲ್ಲ. ಯಳಂದೂರಿನ ಡಾಕ್ಟರು ಕೊಳ್ಳೇಗಾಲಕ್ಕೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೊದಲು ರಕ್ತ ತೆಗೆದುಕೊಂಡರು. ಆಮೇಲೆ ಅಲ್ಲಿನ ಡಾಕ್ಟರು ಕವಿತ ಫಾರಂ ಹಿಡಿದು ಒಂದೊಂದೇ ಕೇಳಿದರು. ಬಿಪಿ ಇಲ್ಲ, ಶುಗರ್ ಇಲ್ಲ.

“ದಿನಾ ಯಾವುದಾದರೂ ಮಾತ್ರೆ ತಗೋತಾರಾ?”

“ಇಲ್ಲ ಮೇಡಂ. ನಮ್ಮೋಳು ಔಸ್ದಿ ಮುಟ್ದೋಳೇ ಅಲ್ಲ,” ಎಂದ ಮಹದೇವಯ್ಯ, ಎದೆಯುಬ್ಬಿಸಿ.

ಬೇಕೆಂದೇ ಹೇಳಿದ ಸುಳ್ಳಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಅವನಿಗೆ ಆಸ್ಪತ್ರೆಯಲ್ಲಿ ಕೊಟ್ಟದ್ದು ಔಷಧಿ, ಅಂಗಡಿಯಲ್ಲಿ ಕೊಟ್ಟದ್ದು ಬರೀ ಸಾಮಾನು. ಶಿವಮ್ಮನೂ ಹೌದೌದೆಂದು ತಲೆಯಾಡಿಸಿದಳು.

ರಕ್ತದ ರಿಪೋರ್ಟು ಬಂದಾಗ ಕವಿತ ಅದನ್ನು ಎರಡು ಸಲ ನೋಡಿ, ಕುರ್ಚಿ ಎಳೆದುಕೊಂಡು ಅವರೆದುರಿಗೇ ಕೂತರು.

“ಒಳಗಿನದ್ದು ಚೆನ್ನಾಗಿ ಕಾಣಲಿ ಅಂತ ನರಕ್ಕೆ ಡೈ ಅಂತ ಒಂದು ಔಷಧಿ ಕೊಡ್ತೀವಿ. ಅದನ್ನ ಹೊರಗೆ ಹಾಕಬೇಕಾದ್ದು ಕಿಡ್ನಿ. ಇವರ ಕಿಡ್ನಿ ಆಗಲೇ ಸೋತಿದೆ. ಈಗ ಡೈ ಕೊಟ್ಟರೆ ಪೂರ್ತಿ ಕೈಕೊಟ್ಟರೂ ಕೊಡಬಹುದು. ನೋವಿನ ಮಾತ್ರೆ ಏನಾದರೂ ತಿಂತಿದ್ರಾ?”

ಮಹದೇವಯ್ಯ ಹೆಂಡತಿಯ ಕಡೆ ನೋಡಿದ.

“ಅಂಗ್ಡೀಲಿ ಯಾವತ್ತೋ ಒಂದು ತಕಂಡಿದ್ದೆ ಕಣವ್ವ,” ಎಂದಳು ಶಿವಮ್ಮ, ನೆಲ ನೋಡುತ್ತ.

“ಯಾವ ಅಂಗಡೀಲಿ?”

ಅವಳು ಬಾಯಿ ಬಿಡಲಿಲ್ಲ. ಗಂಡನ ಮಾನ ಕಾಯುತ್ತಿದ್ದಳು. ಅವಳ ಸುಳ್ಳಿನ ಹಿಂದೆ ಸುಮ್ಮನೆ ಅಡಗಿ ಕೂರಬಹುದೆಂದು ಮಹದೇವಯ್ಯನಿಗೆ ಒಂದು ಗಳಿಗೆ ಅನಿಸಿದ್ದೂ ನಿಜ.

“ನಂದೇ ಅಂಗ್ಡಿ ಮೇಡಂ,” ಎಂದ ಕೊನೆಗೆ. “ದಿನಾ ಎರಡು. ಎರಡು ವರ್ಸದಿಂದ ನಾನೇ ಕೊಟ್ಟಿವ್ನಿ.”

ಕವಿತ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಇವತ್ತಿಂದ ಒಂದೂ ಬೇಡ. ಸದ್ಯಕ್ಕೆ ಡೈ ಇಲ್ಲದೇ ಸ್ಕ್ಯಾನ್ ಮಾಡ್ತೀವಿ. ಕಿಡ್ನಿ ಡಾಕ್ಟರನ್ನ ಕಾಣಿ, ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಗುಳಿಗೆ ಬಿಟ್ಟರೆ ಕಿಡ್ನಿ ಸುಧಾರಿಸಿದರೂ ಸುಧಾರಿಸೀತು.”

ಶಿವಮ್ಮನನ್ನು ಒಳಗೆ ಕರೆದರು. ಅವಳು ಬಾಗಿಲಲ್ಲಿ ನಿಂತು, “ಬೆಳಗ್ಗಿಂದ ನೀವೂ ಏನೂ ತಿಂದಿಲ್ಲ, ಓಗಿ ಏನಾರ ತಿನ್ನಿ,” ಎಂದಳು. ಆ ಮಾತಿಗೆ ಮಹದೇವಯ್ಯನಿಗೆ ಅಳು ಬಂತು. ಜನ ನೋಡುತ್ತಿದ್ದರೂ ಅತ್ತ.

ಅಳುತ್ತಿರುವಾಗಲೇ ಅವನ ಕಣ್ಣ ಮುಂದೆ ದಿನಾ ಅಂಗಡಿಗೆ ಗುಳಿಗೆಗೆ ಬರುವವರು ನಿಂತರು: ಪುಟ್ಟಬಸಪ್ಪ ಬಂದ, ರಾಚಮ್ಮ ಬಂದಳು, ಮಾರಯ್ಯ ತನ್ನ ಮುದಿ ತಾಯಿಗೆಂದು ಕೈಚಾಚಿ ನಿಂತ. ಮಹದೇವಯ್ಯ ಮುಖ ಒರೆಸಿಕೊಂಡು ಎದ್ದು ಹೋಗಿ ಡಾಕ್ಟರ ಬಾಗಿಲು ತಟ್ಟಿದ.

“ಮೇಡಂ, ನಮ್ಮೂರಲ್ಲಿ ಇನ್ನೂ ಇಪ್ಪತ್ತು ಜನ ದಿನಾ ನನ್ತಾವೇ ತಕತಾರೆ. ಅವರ್ನೆಲ್ಲ ಯಾವತ್ತು ಕರ್ಕಂಡು ಬರ್ಲಿ?”