ಅಕಾರದ ಡಾಕ್ಟ್ರು

ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವರು ಅವಳ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಈ ಬಾಗಿಲು ಯಾಕೆ ಹೊರಗೆ ತೆರೆದುಕೊಳ್ಳುತ್ತದೆ, ಮಾವನವರು ಯಾಕೆ ರೇಡಿಯೊಗೆ ಒಂದೇ ಕಿವಿ ಕೊಡುತ್ತಾರೆ ಎಂದೆಲ್ಲ ಕೇಳಿ ಮನೆಯವರ ತಲೆ ತಿಂದಿದ್ದಕ್ಕೆ ಸಿಕ್ಕ ಬಿರುದು. ಈಗ ಅವಳಿಗೆ ಸ್ವಂತ ಟೈಲರಿಂಗ್ ಅಂಗಡಿಯಿದೆ, ಬೆಳೆದ ಮಗಳಿದ್ದಾಳೆ. ಬಿರುದು ಮಾತ್ರ ಬಿಟ್ಟು ಹೋಗಿಲ್ಲ.

ಚಂದಬರಹದ ಸಂಘಕ್ಕೆ ಅವಳು ಸೇರಿದ್ದೂ ಒಂದು ಯಾಕೆಯ ಬೆನ್ನು ಹತ್ತಿಯೇ. ಬಟ್ಟೆಯ ಮೇಲೆ ಸೀಮೆಸುಣ್ಣ ಹಿಡಿದರೆ ತೋಳಿನ ಸುತ್ತನ್ನು ಒಂದೇ ಎಳೆತಕ್ಕೆ ಎಳೆಯುವ ಈ ಕೈ, ಕಾಗದದ ಮೇಲೆ ಪೆನ್ನು ಹಿಡಿದರೆ ಯಾಕೆ ಕೋಳಿ ಕೆದರಿದ ಹಾಗೆ ಬರೆಯುತ್ತದೆ?

ಸಂಘವಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ. ಭಾನುವಾರ ಬೆಳಿಗ್ಗೆ ಮರದ ಮೆಟ್ಟಿಲು ಹತ್ತಿದರೆ ಕೆಳಗಿನ ಗ್ರೀಸಿನ ವಾಸನೆ ನಡುದಾರಿಗೇ ನಿಂತು, ಮಸಿಯ ವಾಸನೆ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿತ್ತು. ಇಳಿಜಾರು ಹಲಗೆಗಳು, ಕೆತ್ತಿದ ಬಿದಿರಿನ ಲೇಖನಿಗಳು, ನಿಬ್ಬು ತೊಳೆಯಲು ಮೂಲೆಯಲ್ಲೊಂದು ಸಿಂಕು. ಕಲಿಸುತ್ತಿದ್ದವರು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆದು ನಿವೃತ್ತರಾದ ನಕ್ಷೆ ಮೇಡಂ. ಮಾತು ಕಡಿಮೆ, ಕಣ್ಣು ಚುರುಕು. ಮೊದಲ ದಿನವೇ ಯಾಕಮ್ಮನ ಬೆರಳು ಹಿಡಿದು, "ಇದು ಕತ್ತರಿ ಅಲ್ಲಮ್ಮ, ಹಿಸುಕಬೇಡಿ" ಎಂದಿದ್ದರು.

ಆದರೆ ಯಾಕಮ್ಮನ ಕಣ್ಣು ಬಿದ್ದದ್ದು ಕಿಟಕಿ ಪಕ್ಕ ಕೂತಿದ್ದ ಮುದುಕರ ಮೇಲೆ. ಅವರು ನಿವೃತ್ತ ದನದ ಡಾಕ್ಟ್ರು. ಉಳಿದವರು ಪದಗಳನ್ನೂ ಸಾಲುಗಳನ್ನೂ ಬರೆಯುತ್ತಿದ್ದರೆ, ಅವರ ಹಾಳೆಯಲ್ಲಿ ಬರೀ ಅ. ಮುಂದಿನ ವಾರವೂ ಅ. ಅದರ ಮುಂದಿನ ವಾರವೂ ಅದೇ. ಎಲ್ಲರೂ ಅವರನ್ನು ಅಕಾರದ ಡಾಕ್ಟ್ರು ಎಂದೇ ಕರೆಯುತ್ತಿದ್ದರು.

"ಅವರು ಯಾಕೆ ಅ ಒಂದನ್ನೇ ಬರೀತಾರೆ?" ಎಂದು ಪಕ್ಕದಲ್ಲಿ ಕೂತಿದ್ದ ಫೋಟೋ ಫ್ರೇಮ್ ಅಂಗಡಿಯವನನ್ನು ಕೇಳಿದಳು.

"ಏನೋ ಹರಕೆ ಇರ್ಬೇಕು" ಎಂದ ಅವನು, ತನ್ನ ಹಾಳೆಯನ್ನು ಮೊಣಕೈಯಿಂದ ಮುಚ್ಚಿಕೊಳ್ಳುತ್ತ. ತನ್ನ ಬರಹವನ್ನು ಅವನು ಯಾರಿಗೂ ತೋರಿಸುತ್ತಿರಲಿಲ್ಲ.

"ಹರಕೆ ಅಲ್ಲ, ಕೈಗೆ ವ್ಯಾಯಾಮ" ಎಂದಳು ಎದುರಿಗಿದ್ದ ನರ್ಸು. "ಅವರನ್ನೇ ಕೇಳಿದ್ರಾ?" ಎಂದು ಯಾಕಮ್ಮ ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಯಾಕಮ್ಮ ತನ್ನ ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿದಳು. ಹತ್ತಿರದಿಂದ ನೋಡಿದರೆ ಒಂದು ಅ ಇನ್ನೊಂದರ ಹಾಗಿರಲಿಲ್ಲ. ಒಂದರ ಹೊಟ್ಟೆ ತುಂಬಿಕೊಂಡಿತ್ತು, ಒಂದು ಉಸಿರು ಎಳೆದುಕೊಂಡ ಹಾಗಿತ್ತು. ಒಂದು ಹಾಳೆಯಲ್ಲಂತೂ ಎಡಗಡೆಯ ಸುರುಳಿ ಮಾತ್ರ, ಸಾಲಿಗೆ ಸಾಲು. ಗೆರೆ ದಪ್ಪದಿಂದ ಸಣ್ಣಕ್ಕೆ ಜಾರುವ ಜಾಗ ಎಲ್ಲಿದೆಯೆಂದು ಅವಳಿಗೆ ಕೊನೆಗೂ ಹಿಡಿಯಲಾಗಲಿಲ್ಲ. ಹೊಲಿಗೆ ಕಾಣದ ಹಾಗೆ ಮಡಿಸಿ ಹೊಲಿದ ಅಂಚಿನಂತಿತ್ತು ಅದು.

ಕೊನೆಗೆ ಬಾಯಿ ಕಟ್ಟಿಕೊಳ್ಳಲಾಗದೆ ಕೇಳಿಯೇಬಿಟ್ಟಳು. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವ್ಯಾಕೆ ಮುಂದಿನ ಅಕ್ಷರಕ್ಕೆ ಹೋಗಲ್ಲ?"

ಡಾಕ್ಟ್ರು ಲೇಖನಿ ಎತ್ತಿ ಅವಳನ್ನು ನೋಡಿದರು. "ಮೇಡಂ ಹೇಳಿದ್ರಲ್ಲ, ನಾನು ಸಾಕು ಅನ್ನೋವರೆಗೂ ಅ ಬರೀತಿರಿ ಅಂತ. ಅವರಿನ್ನೂ ಸಾಕು ಅಂದಿಲ್ಲ."

"ಯಾವಾಗ ಹೇಳಿದ್ದು?"

"ನಾನು ಸೇರಿದ ದಿನ."

ಯಾಕಮ್ಮನಿಗೆ ನಗು ಬಂತು, ಹಿಂದೆಯೇ ಮೇಡಂ ಮರೆತೇಬಿಟ್ಟಿರಬೇಕೆಂದು ಹೊಳೆಯಿತು. ಹೇಳಬೇಕೇ, ಬಿಡಬೇಕೇ? ಮೇಡಂ ಸಿಂಕಿನ ಹತ್ತಿರ ಒಬ್ಬರೇ ಇದ್ದಾಗ ಹೋಗಿ, ತಗ್ಗಿದ ದನಿಯಲ್ಲಿ ಹೇಳಿದಳು.

ಮೇಡಂ ಕೈಯಲ್ಲಿದ್ದ ನಿಬ್ಬು ಹಾಗೇ ನಿಂತಿತು, ನಲ್ಲಿ ಸುರಿಯುತ್ತಲೇ ಇತ್ತು. "ಅಯ್ಯೋ ಶಿವನೇ! ಅವರು ಸೇರಿದಾಗಲೇ ನಮ್ಮಕ್ಕ ಹುಷಾರಿಲ್ಲದೆ ಮಲಗಿದ್ಳು, ಎಷ್ಟೋ ವಾರ ನಾನು ಬರಲೇ ಇಲ್ಲ. ವಾಪಸ್ ಬಂದಾಗ ಇವರು ಅ ಬರೀತಾ ಕೂತಿದ್ರು. ಅದೇ ಅವರಿಗೆ ಖುಷಿ ಅಂದ್ಕೊಂಡೆ. ತೊಂದರೆ ಕೊಡೋದು ಬೇಡ ಅಂತ ಸುಮ್ಮನಿದ್ದೆ."

ಸೆರಗಿಗೆ ಕೈ ಒರೆಸಿಕೊಂಡು ಮೇಡಂ ನೇರ ಕಿಟಕಿಯ ಹತ್ತಿರ ಹೋದರು. ಎಲ್ಲರ ಲೇಖನಿಗಳೂ ನಿಂತವು.

"ಡಾಕ್ಟ್ರೇ, ನಾನು ಮರೆತೇಬಿಟ್ಟಿದ್ದೆ. ನಂದು ದೊಡ್ಡ ತಪ್ಪಾಯ್ತು."

"ನೀವು ಮರೆತಿದ್ದು ನನಗೆ ಮೊದಲ ವರ್ಷವೇ ಗೊತ್ತಾಯ್ತು ಮೇಡಂ" ಎಂದರು ಡಾಕ್ಟ್ರು.

"ಮತ್ತೆ ಜ್ಞಾಪಿಸಬಾರದಿತ್ತಾ?"

"ಜ್ಞಾಪಿಸೋಣ ಅಂತಲೇ ಒಂದಿನ ಬಂದೆ. ಅವತ್ತು ಸುರುಳಿ ಬೇರೆ ಥರ ಬಂತು. ಇದು ಯಾಕೆ ಹೀಗಾಯ್ತು ಅಂತ ನೋಡ್ತಾ ಕೂತೆ, ಹೇಳೋದು ಮರೆತುಹೋಯ್ತು." ಅವರು ನಾಚಿದ ಹಾಗೆ ನಕ್ಕರು. "ಹಸು ಬಂದು ನನಗೆ ಇಲ್ಲಿ ನೋವು ಅಂತ ಹೇಳುತ್ತಾ? ನಾವೇ ನೋಡ್ತಾ ಕೂರ್ಬೇಕು. ಅದೇ ಅಭ್ಯಾಸ ಆಗೋಗಿದೆ ನನಗೆ."

ಮೇಡಂ ಕಣ್ಣು ಒದ್ದೆಯಾಗಿತ್ತೋ, ನಗುತ್ತಿತ್ತೋ, ಯಾಕಮ್ಮನಿಗೆ ತಿಳಿಯಲಿಲ್ಲ. "ಈಗ ಹೇಳ್ತಿದೀನಿ, ಸಾಕು. ಇನ್ನು ಆ ಬರೀರಿ" ಎಂದರು ಮೇಡಂ.

ಕೋಣೆಯೆಲ್ಲ ಕಿಟಕಿಯ ಸುತ್ತ ನೆರೆಯಿತು. ಡಾಕ್ಟ್ರು ಹೊಸ ಹಾಳೆ ಹರಡಿ, ಲೇಖನಿ ಅದ್ದಿ, ಶುರು ಮಾಡಿದರು. ಅಕಾರದ ಮಟ್ಟಿಗೆ ಎಲ್ಲ ಸರಿಯಾಗಿಯೇ ಬಂತು. ದೀರ್ಘದ ತಿರುವಿಗೆ ಬಂದದ್ದೇ ತಡ, ಕೈ ದಾರಿ ತಪ್ಪಿತು. ಬಾಲ ಮೇಲೆ ಹೋಗುವುದೋ ಕೆಳಗೆ ಬರುವುದೋ ತೋಚದೆ ನಡುವೆಯೇ ಗಂಟು ಬಿದ್ದು, ಮಸಿ ದೊಪ್ಪನೆ ಕೂತಿತು.

ಮೊದಲು ನಕ್ಕವರು ಡಾಕ್ಟ್ರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿ ಮೇಡಂ, ಒಂದನೇ ಕ್ಲಾಸಿನ ಹುಡುಗನೂ ಇದಕ್ಕಿಂತ ಚೆನ್ನಾಗಿ ಬರೀತಾನೆ!"

"ಬರೀತಾನೆ, ಬರೀತಾನೆ" ಎಂದು ಮೇಡಂ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಡಾಕ್ಟ್ರ ಕೈಯ ಮೇಲೆ ಕೈಯಿಟ್ಟು, ತಿರುವಿನಲ್ಲಿ ಲೇಖನಿಯ ಮೂತಿ ಹೇಗೆ ಹೊರಳಬೇಕೆಂದು ತೋರಿಸಿದರು. ಮತ್ತೊಂದು ಬಂತು, ಅದೂ ಸೊಟ್ಟ. ಅದರಾಚೆಯದು ಸ್ವಲ್ಪ ಕಡಿಮೆ ಸೊಟ್ಟ.

ಯಾಕಮ್ಮ ತನ್ನ ಹಾಳೆಯ ಕಡೆ ತಿರುಗಿದಳು. ಸುರುಳಿಯೊಂದನ್ನೇ ಬರೆದಳು. ಹಿಸುಕದೆ, ನಿಧಾನವಾಗಿ. ಅದು ಯಾಕೆ ಎಡಕ್ಕೆ ವಾಲಿತು? ಇನ್ನೊಂದು ಬರೆದಳು. ಅದು ವಾಲಲಿಲ್ಲ. ಅದ್ಯಾಕೆ?

ಅಷ್ಟರಲ್ಲಿ ಫ್ರೇಮಿನವನು ಎದ್ದು, ಹಾಳೆಯನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. "ಡಾಕ್ಟ್ರೇ... ನನ್ನ ಅ ಒಂಚೂರು ನೋಡ್ತೀರಾ?"

"ಕೊಡಪ್ಪ, ಕೊಡು." ಡಾಕ್ಟ್ರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ಹಸುವಿನ ನೋವು ಹುಡುಕುವ ಹಾಗೆ ಒಂದೊಂದೇ ಸುರುಳಿಯನ್ನು ನೋಡುತ್ತ ಕೂತರು.