ಹದಿನೇಳು ವಾರ ಒಡೆಯದ ಗಾಜು

ಓದುಗರೇ, ಅತ್ಯಂತ ಗಂಭೀರವಾದ ವಿಷಯವೊಂದನ್ನು ನಿಮ್ಮ ಮುಂದಿಡಬೇಕಾಗಿದೆ: ಬೆರಳುದ್ದದ, ಎರಡು ಮಿಲಿಮೀಟರ್ ದಪ್ಪದ ಒಂದು ಗಾಜಿನ ಪಟ್ಟಿ. ಅದು ಗೋಡೆಯ ಮೇಲಿದೆ. ಅದರ ಹಿಂದೆ ಬಿರುಕಿದೆ. ಮನುಕುಲದ ಭವಿಷ್ಯವೇನೂ ಇದರ ಮೇಲೆ ನಿಂತಿಲ್ಲ. ಒಂದು ಅಂಗಡಿ ಮತ್ತು ಅದರ ಮೇಲಿನ ಒಂದು ಮಲಗುವ ಕೋಣೆ ನಿಂತಿವೆ.

ಹೀಗೆ ಶುರುಮಾಡಬಹುದೇ? ಮೊದಲು ಬೇರೆ ಥರ ಮಾಡಿದ್ದೆ.

೧. (ಕೈಬಿಟ್ಟದ್ದು)

ನಲವತ್ತೆರಡನೆಯ ಮಹಡಿ. ಗಾಳಿಗೆ ಇಡೀ ಕಟ್ಟಡ ಒಂದು ಗೇಣು ಆಚೆ ಹೋಗಿ ಈಚೆ ಬರುತ್ತದೆ. ಇಂಜಿನಿಯರ್ ಕಿಟಕಿಯ ಬಳಿ ನಿಂತಿದ್ದಾಳೆ. ಕೆಳಗೆ ಜನ ಇರುವೆಗಳಂತೆ—

"ಇರುವೆ ಬೇಡ," ಎಂದಳು ಇಂಜಿನಿಯರ್. (ಪಾತ್ರ. ಮಣ್ಣು ಮತ್ತು ಅಡಿಪಾಯ ಅವಳ ವಿಷಯ. ಮಾತೂ ಅದೇ ಮಟ್ಟದಲ್ಲಿ ನಿಲ್ಲುತ್ತದೆ.) "ನಲವತ್ತೆರಡನೇ ಮಹಡಿ ಇನ್ನೂ ಕಟ್ಟೇ ಇಲ್ಲ. ಈಗಿರೋದು ಗುಂಡಿ."

"ನಾನು ಎತ್ತರದ ಕಟ್ಟಡದ ಬಗ್ಗೆ ಬರೀಬೇಕು ಅಂತಿದ್ದೆ."

"ಬರೀರಿ. ಗುಂಡಿಯಿಂದ ಶುರುಮಾಡಿ. ನಾವೂ ಹಾಗೇ ಮಾಡೋದು."

೨.

ಹಾಗಾದರೆ ಗುಂಡಿ. ನಲವತ್ತೆರಡು ಮಹಡಿ ಮೇಲೇಳಬೇಕಾದರೆ ಮೊದಲು ಐದು ಮಹಡಿ ಕೆಳಗಿಳಿಯಬೇಕು. ಮೇಲೆ ವಾಸಿಸುವವರ ಕಾರುಗಳೂ ಎಲ್ಲಾದರೂ ವಾಸಿಸಬೇಕಲ್ಲ. ಬಯಲಿನಲ್ಲಾದರೆ ಅಂಚನ್ನು ಇಳಿಜಾರಾಗಿ ಅಗೆಯಬಹುದು, ಮಣ್ಣು ತನ್ನ ಪಾಡಿಗೆ ತಾನು ನಿಲ್ಲುತ್ತದೆ. ಇದು ಮೈಗೆ ಮೈ ತಾಗಿಸಿಕೊಂಡು ನಿಂತ ಊರು. ಇಳಿಜಾರಿಗೆ ಜಾಗವಿಲ್ಲ. ಸುತ್ತ ಸಾಲಾಗಿ ಕಾಂಕ್ರೀಟ್ ಕಂಬ ಹೂತು, ಅವುಗಳ ಒಳಮಗ್ಗುಲಲ್ಲಿ ಚಾಕು ಇಳಿಸಿದಂತೆ ನೆಟ್ಟಗೆ ಅಗೆಯುತ್ತಾರೆ. ಒಸರುವ ನೀರನ್ನು ಪಂಪಿನಿಂದ ಎತ್ತಿ ಚೆಲ್ಲುತ್ತಾರೆ. ಯಾವ ನೀರು ಯಾರದೆಂದು ಪಂಪಿಗೆ ಗೊತ್ತಿಲ್ಲ. ಪಕ್ಕದ ಮನೆಯ ಕೆಳಗಿನದೂ ಬರುತ್ತದೆ. ನೀರು ಹೋದ ಮಣ್ಣು ಕೂದಲೆಳೆಯಷ್ಟು ಕುಸಿಯುತ್ತದೆ. ಗೋಡೆಗೆ ಅಷ್ಟು ಸಾಕು.

"ಎತ್ತರದ ಕಟ್ಟಡ ಬೀಳೋ ಕಥೆ ಬರೀಬೇಡಿ," ಎಂದಳು. "ಅದು ಬೀಳಲ್ಲ. ಅದಕ್ಕೆ ನಲವತ್ತು ಜನ ಕೂತು ಲೆಕ್ಕ ಹಾಕಿದಾರೆ. ಬೀಳೋದು ಪಕ್ಕದ ಮನೆ. ಅದಕ್ಕಿರೋದು ನಾನೊಬ್ಬಳು, ಒಂದು ಗಾಜು."

೩.

ಪಕ್ಕದ ಮನೆಯ ಕೆಳಗೆ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಮೇಲೆ ಅಂಗಡಿಯವನೂ ಅವನ ಅಕ್ಕನೂ. ಅಂಗಡಿಯ ಹಿಂಗೋಡೆಯಲ್ಲಿ ಬಾಗಿಲ ಮೂಲೆಯಿಂದ ಸೂರಿನವರೆಗೆ ಬಿರುಕೊಂದು ಮೊದಲೇ ಇತ್ತು. ಅಗೆತ ಶುರುವಾದ ದಿನ ಇಂಜಿನಿಯರ್ ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ಮೇಲೆ ತಾರೀಖು ಬರೆದಳು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಗಾಜು ಒಡೆದರೆ ಅಗೆತ ನಿಲ್ಲಬೇಕು, ಮನೆ ಖಾಲಿಯಾಗಬೇಕು. ಪ್ರತಿ ಸೋಮವಾರ ಟಾರ್ಚ್ ಬಿಟ್ಟು ನೋಡಿ, ರಿಜಿಸ್ಟರಿನಲ್ಲಿ ಎರಡರಲ್ಲೊಂದು ಮಾತು ಬರೆಯಬೇಕು: 'ಸರಿಯಿದೆ' ಅಥವಾ 'ಒಡೆದಿದೆ'. ಮೂರನೆಯದಕ್ಕೆ ಕಾಲಂ ಇಲ್ಲ. (ಸಾಹಿತ್ಯದವರಿಗೆ ಇದು ಅರ್ಥವಾಗುವುದು ಕಷ್ಟ.)

ಅಕ್ಕ ಮಂಡಿನೋವಿನಿಂದ ಮೂರು ವರ್ಷಗಳಿಂದ ಮೆಟ್ಟಿಲಿಳಿದಿಲ್ಲ. ಸೋಮವಾರ ಮಾತ್ರ ಮೇಲಿನಿಂದ ಕೂಗುತ್ತಾಳೆ:

"ಏನಮ್ಮ, ಹೇಗಿದೆ ನಿಮ್ಮ ಗಾಜು?"

"ಚೆನ್ನಾಗಿದೆ ಅಮ್ಮ."

"ಸಂತೋಷ. ನನ್ನ ಮಂಡಿ ವಿಚಾರಿಸೋರಿಲ್ಲ, ಗಾಜಿನ ಆರೋಗ್ಯ ವಾರವಾರ ಬಂದು ವಿಚಾರಿಸ್ತೀರ."

ಹದಿನೇಳು ಸೋಮವಾರ 'ಸರಿಯಿದೆ' ಎಂದು ಬರೆದು ಸಹಿ ಹಾಕಿದಳು. ಗುಂಡಿ ನಾಲ್ಕು ಮಹಡಿ ಇಳಿಯಿತು.

೪. (ಕೈಬಿಟ್ಟದ್ದು)

ಇಲ್ಲಿ ಇಂಜಿನಿಯರ್ ಮತ್ತು ಅಂಗಡಿಯವನ ನಡುವೆ ಮೃದುವಾದ ಏನನ್ನೋ ಹೆಣೆಯಲು ಹೋದೆ. ಆರನೆಯ ಸಾಲಿಗೆ ಇಬ್ಬರೂ ಎದ್ದುಹೋದರು, ಬೇರೆ ಬೇರೆ ಬಾಗಿಲಿನಿಂದ.

೫.

ಹದಿನೆಂಟನೆಯ ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಟಾರ್ಚ್ ಬಿಟ್ಟಳು. ಪ್ರತಿಸಲ ಗಾಜಿನಿಂದ ಬೆಳಕು ತಿರುಗಿ ಕಣ್ಣಿಗೆ ಹೊಡೆಯುತ್ತಿತ್ತು, ಅವಳು ಕಣ್ಣು ಕಿರಿದು ಮಾಡಿಕೊಳ್ಳುತ್ತಿದ್ದಳು. ಇವತ್ತೂ ಅಭ್ಯಾಸಬಲದಿಂದ ಕಿರಿದು ಮಾಡಿಕೊಂಡಳು. ಬೆಳಕು ತಿರುಗಿ ಬರಲೇ ಇಲ್ಲ.

ಬೆರಳಿಟ್ಟು ನೋಡಿದಳು. ತುಸು ಒರಟು. ಸುತ್ತಲ ಗೋಡೆಗಳಲ್ಲಿ ಯಾರದೋ ಮದುವೆ, ಯಾರದೋ ಪದವಿ, ಯಾರದೋ ಅಜ್ಜ. ಎಲ್ಲರ ಮುಖದ ಮೇಲೂ ಇದೇ ಹೊಳೆಯದ ಗಾಜು.

"ಇದು ನಾನು ಹಾಕಿದ ಗಾಜಲ್ಲ."

ಅಂಗಡಿಯವನು ಫ್ರೇಮಿನ ಬೆನ್ನಿಗೆ ಸಣ್ಣ ಮೊಳೆ ಒತ್ತುತ್ತಿದ್ದ. ತಲೆ ಎತ್ತಲಿಲ್ಲ. "ಸಾದಾ ಗಾಜು ಖಾಲಿಯಾಗಿತ್ತು ಮೇಡಂ. ಇದು ಮ್ಯಾಟ್. ಒಳ್ಳೆ ಮಾಲೇ ಹಾಕಿದೀನಿ."

"ಎಷ್ಟನೇ ಸಲ?"

ಅವನು ಮೇಜಿನ ಖಾನೆಯಿಂದ ರಟ್ಟಿನ ಡಬ್ಬಿ ತೆಗೆದ. ಆರು ಒಡೆದ ಗಾಜು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಒಡೆದ ದಿನದ ತಾರೀಖು ಬರೆದಿಟ್ಟಿದ್ದ.

"ಬಿಸಾಡ್ಲಿಲ್ವಾ?"

"ಒಬ್ಬರು ಕೊಟ್ಟಿದ್ದನ್ನ ಬಿಸಾಡೋ ಅಂಗಡಿ ಅಲ್ಲ ಇದು."

"ಗಾಜಿನ ಮೇಲೆ ನನ್ನ ಅಕ್ಷರ?"

"ಅದೇನು ಮಹಾ. ಫೋಟೋ ಕೆಳಗೆ ಹೆಸರು ಬರೆಯೋ ಕೈ. ನಿಮ್ಮ ಐದರ ಅಂಕಿ ಮಾತ್ರ ಸ್ವಲ್ಪ ಕಷ್ಟ ಕೊಡ್ತು."

"ಯಾಕೆ ಹೀಗೆ ಮಾಡಿದ್ರಿ?"

ಅವನು ಕಣ್ಣಿನಲ್ಲೇ ಮೇಲಕ್ಕೆ ತೋರಿಸಿದ. "ಒಡೆದಿದೆ ಅಂದ್ರೆ ಖಾಲಿ ಮಾಡಿ ಅಂತೀರ. ಬದಲಿಗೆ ನಿಮ್ಮೋರು ಕೊಡೋ ಮನೆ ಒಂಬತ್ತನೇ ಮಹಡೀಲಿ."

"ಅಲ್ಲಿ ಲಿಫ್ಟ್ ಇದೆ."

"ಇಲ್ಲಿ ಹದಿನಾಲ್ಕು ಮೆಟ್ಟಿಲಿದೆ ಮೇಡಂ. ಲಿಫ್ಟು ಇಲ್ಲೀವರೆಗೂ ಬರತ್ತಾ?"

ಅವಳು ಚೂರುಗಳನ್ನು ಸಾಲಾಗಿ ಇಟ್ಟಳು. ಮೊದಲ ಗಾಜು ಮೂವತ್ತೈದು ದಿನ ಬಾಳಿತ್ತು. ಆಮೇಲಿನವು ಇಪ್ಪತ್ತೆಂಟು, ಇಪ್ಪತ್ತಮೂರು, ಹದಿನೆಂಟು, ಹನ್ನೆರಡು. ಆರನೆಯದು ಆರೇ ದಿನ. ಗೋಡೆಯ ಮೇಲಿದ್ದ ಏಳನೆಯದಕ್ಕೆ ಇವತ್ತು ನಾಲ್ಕು ದಿನ.

೬.

ಇಲ್ಲಿ ಕಥೆ ಎರಡಾಗುತ್ತದೆ.

ಒಂದು: ಅವಳು 'ಸರಿಯಿದೆ' ಎಂದು ಬರೆಯುತ್ತಾಳೆ. ಸುಳ್ಳೆನ್ನುವ ಹಾಗಿಲ್ಲ, ಗೋಡೆಯ ಮೇಲಿರುವ ಗಾಜು ಸರಿಯಾಗಿಯೇ ಇದೆ.

ಇನ್ನೊಂದು: 'ಒಡೆದಿದೆ' ಎಂದು ಬರೆಯುತ್ತಾಳೆ. ಅದರ ಮೇಲಿನ ಹದಿನೇಳು ಸಾಲುಗಳಲ್ಲಿ ಹೆಚ್ಚಿನವು ಆ ಕ್ಷಣ ಸುಳ್ಳಾಗುತ್ತವೆ, ಕೆಳಗೆ ಅವಳದೇ ಸಹಿ. ಹನ್ನೆರಡು ವರ್ಷದ ಕೆಲಸಕ್ಕೆ ಸಂಚಕಾರ.

ಎರಡನ್ನೂ ಪಕ್ಕಪಕ್ಕ ಇಟ್ಟು, ಆಯ್ಕೆಯನ್ನು ಓದುಗರಿಗೆ ಬಿಟ್ಟು ಎದ್ದುಹೋಗುವುದೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ನಮ್ಮ ಕಸುಬಿನಲ್ಲಿ ಅದನ್ನೇ ಮರ್ಯಾದೆ ಎನ್ನುತ್ತಾರೆ.

"ಓದುಗರು ಸಹಿ ಹಾಕ್ತಾರಾ?" ಎಂದಳು.

"ಇಲ್ಲ."

"ನಿಮ್ಮ ಎರಡು ಮುಕ್ತಾಯದ ನಡುವೆ, ಮೇಲೆ ಒಬ್ಬರು ಮಲಗಿದಾರೆ."

"ನಿಮ್ಮ ಕೆಲಸ ಹೋಗತ್ತೆ."

"ಗೊತ್ತು."

"ಬೇಕಾದರೆ ಐದನೇ ಭಾಗ ತಿದ್ದುತೀನಿ. ಅಂಗಡೀಲಿ ಇನ್ನೊಂದು ಹಾಳೆ ಸಾದಾ ಗಾಜು ಉಳಿದಿತ್ತು ಅಂತ ಬರೆದರಾಯ್ತು. ಬೆಳಕು ಹೊಳೆಯತ್ತೆ, ನೀವು ಏನೂ ನೋಡಿರಲ್ಲ. ಯಾರೂ ನಿಮ್ಮನ್ನ ಕೇಳೋಕಾಗಲ್ಲ."

ಅಂಗಡಿಯವನನ್ನು ನೋಡಿದ ಹಾಗೆಯೇ ನನ್ನನ್ನೂ ನೋಡಿದಳು.

"ನೀವೂ ಅಂಟಿಸ್ತೀರಾ?"

(ಕೈಬಿಟ್ಟ ಭಾಗಗಳನ್ನು ಅಳಿಸದೆ ಹಾಗೇ ಬಿಟ್ಟಿರುವುದಕ್ಕೆ ಕಾರಣ ಕೇಳುವವರಿಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.)

೭.

ಅವಳು ಹದಿನಾಲ್ಕು ಮೆಟ್ಟಿಲು ಹತ್ತಿ ಹೋದಳು. ಹಿಂದೆಯೇ ಅಂಗಡಿಯವನು. ಅಕ್ಕ ಕೈಯಿರುವ ಮರದ ಕುರ್ಚಿಯಲ್ಲಿ ಕೂತಿದ್ದಳು. ಇಂಜಿನಿಯರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಆ ಬಾಗಿಲು ಸ್ವಲ್ಪ ಮುಚ್ಚಮ್ಮ."

ಮುಚ್ಚಲು ಹೋದಳು. ಬಾಗಿಲು ಮುಕ್ಕಾಲಿಗೆ ಬಂದು ನೆಲಕ್ಕೆ ಕಚ್ಚಿಕೊಂಡಿತು.

"ಒಂದು ತಿಂಗಳಾಯ್ತು, ಚೌಕಟ್ಟಿಗೆ ಕೂರ್ತಿಲ್ಲ," ಎಂದಳು ಅಕ್ಕ. "ಇವನಿಗೆ ಹೇಳಿದರೆ ಗಾಬರಿ ಬೀಳ್ತಾನೆ ಅಂತ ಸುಮ್ಮನಿದ್ದೆ."

"ಅಕ್ಕ, ನೀನು—"

"ನೀನು ಸುಮ್ಮನಿರೋ. ಗಾಜು ಹಚ್ಚೋನು." ಆಮೇಲೆ ಇಂಜಿನಿಯರ್ ಕಡೆ ತಿರುಗಿ, "ಖಾಲಿ ಮಾಡೋದೇ ಆದ್ರೆ ಕುರ್ಚಿ ಸಮೇತ ಹೊತ್ಕೊಂಡು ಹೋಗಿ. ಇವನ ಕೈಗೆ ಮಾತ್ರ ಕೊಡಬೇಡಿ. ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿಬಿಡ್ತಾನೆ."

ಯಾರೂ ನಗಲಿಲ್ಲ. ಅವಳು ನಗಲೆಂದು ಹೇಳಿದ್ದೂ ಇರಲಾರದು.

ಕುರ್ಚಿ ಮೆಟ್ಟಿಲಿನ ತಿರುವಿನಲ್ಲಿ ಹಿಡಿಸಿತೇ, ಒಂಬತ್ತನೆಯ ಮಹಡಿಯಲ್ಲಿ ಅಕ್ಕನಿಗೆ ನಿದ್ದೆ ಬಂದಿತೇ, ಮನೆ ನಿಂತಿದೆಯೇ, ಇಂಜಿನಿಯರ್ ಈಗ ಎಲ್ಲಿದ್ದಾಳೆ: ಇವನ್ನು ನಾನು ಹೇಳುವುದಿಲ್ಲ. ಮೂರು ಥರ ಬರೆದು ನೋಡಿದೆ. ಮೂರೂ ಚೆನ್ನಾಗಿ ಹೊಳೆಯುತ್ತಿದ್ದವು, ನಂಬಿಕೆ ಬರಲಿಲ್ಲ.

ಹೇಳಬಹುದಾದದ್ದು ಇಷ್ಟು. ಅವಳು ಕೆಳಗಿಳಿದು, ಗಾಜು ಕತ್ತರಿಸುವ ಮೇಜಿನ ಮೇಲೆ ರಿಜಿಸ್ಟರ್ ಬಿಚ್ಚಿದಳು. ಎದುರು ಗೋಡೆಯ ಮೇಲೆ ಗಾಜು ಸರಿಯಾಗಿತ್ತು. ಹದಿನೆಂಟನೆಯ ಸಾಲಿನಲ್ಲಿ 'ಒಡೆದಿದೆ' ಎಂದು ಬರೆದಳು. ಪಕ್ಕದ ಖಾಲಿ ಜಾಗದಲ್ಲಿ ಡಬ್ಬಿಯ ಆರು ತಾರೀಖುಗಳನ್ನೂ ಒಂದರ ಕೆಳಗೊಂದು ಇಳಿಸಿ, ಸಹಿ ಹಾಕಿ, ಸಮಯ ನಮೂದಿಸಿದಳು: ಹತ್ತೂವರೆ.

ಹನ್ನೊಂದಕ್ಕೆ ಅಗೆತ ನಿಂತಿತು.