ಮಗ್ಗಿನ ಕೆಳಗಿನ ಮೌಸ್

2023ರ ಜೂನ್ 18, ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನೋಲೀನ್ ಆಟ ಬಿಡುವ ಮಾತಾಡಿದಳು. ಕೋಪವೇನೂ ಇರಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ಇವತ್ತು ಕಥೆಯೊಳಗಿನ ಸೇತುವೆ ದಾಟಲು ಆಗದಿದ್ದರೆ ತನ್ನ ಪಾತ್ರವಾದ ಬ್ರೆಕ್ಕಾಳನ್ನು ನದಿಯ ಪಾಲು ಮಾಡಿ, ಮುಂದಿನ ವಾರದಿಂದ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿಗೆ ಹೋಗುತ್ತೇನೆ ಎಂದಳು.

ನಾವಿರುವುದೇ ಮೂವರು, ಅದೂ ಬೇರೆ ಬೇರೆ ಊರುಗಳಲ್ಲಿ. ನೋಲೀನ್ ಕ್ವೀನ್ಸ್‌ಟೌನಿನಲ್ಲಿ ಶಾಲಾ ಬಸ್ ಓಡಿಸುತ್ತಾಳೆ. ಫರ್ಗಸ್ ಸೇಂಟ್ ಹೆಲೆನ್ಸಿನಲ್ಲಿ ದೋಣಿ ರಿಪೇರಿ ಮಾಡುತ್ತಾನೆ. ನಾನು ಹೋಬಾರ್ಟಿನಲ್ಲಿ ಕುಡಿಯುವ ನೀರು ಪರೀಕ್ಷಿಸುತ್ತೇನೆ. ಒಬ್ಬರು ಹೋದರೂ ಆಟ ನಿಂತಂತೆ. ಫರ್ಗಸ್ ಕಥೆ ಹೇಳುತ್ತಾನೆ, ನಾವಿಬ್ಬರು ಪಾತ್ರಗಳಾಗುತ್ತೇವೆ. ಹಾರಿದ್ದು, ಹೊಡೆದದ್ದು ಕೈಗೂಡಿತೇ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು.

ಮೊದಲು ಒಂದೇ ಮೇಜಿನ ಸುತ್ತ ಕೂತು ಆಡುತ್ತಿದ್ದಾಗ, ಕೈಕೊಟ್ಟ ದಾಳಕ್ಕೆ ಜೈಲುಶಿಕ್ಷೆ ಇತ್ತು: ಬೋರಲು ಹಾಕಿದ ಮಗ್ಗಿನ ಕೆಳಗೆ ಅರ್ಧ ಗಂಟೆ. ಆನ್‌ಲೈನಿಗೆ ಬಂದ ಮೇಲೆ ದಾಳ ಉರುಳುವುದು ಪರದೆಯ ಮೇಲೆ; ಕೂಡಿಹಾಕಲು ದಾಳವೇ ಇಲ್ಲದ್ದರಿಂದ ನೋಲೀನ್ ಕಂಪ್ಯೂಟರಿನ ಮೌಸನ್ನೇ ಮಗ್ಗಿನ ಕೆಳಗೆ ಇಡತೊಡಗಿದಳು. ಮಾರ್ಚಿನಿಂದೀಚೆಗೆ ಅದು ಹೊರಗಿದ್ದದ್ದೇ ಕಡಿಮೆ.

ತನ್ನ ದಾಳಕ್ಕೆ ಶಾಪ ತಗುಲಿದೆ ಎಂದು ಅವಳು ಗೊಣಗಿದಾಗಲೆಲ್ಲ, ಅಂದರೆ ಪ್ರತಿ ವಾರ, ನಾನು ಪಾಠ ಹೇಳುತ್ತಿದ್ದೆ. ದಾಳಕ್ಕೆ ನೆನಪಿಲ್ಲ, ನಾವು ಸೋತದ್ದನ್ನಷ್ಟೇ ನೆನಪಿಡುತ್ತೇವೆ, ಅದೃಷ್ಟ ಅನ್ನುವುದೆಲ್ಲ ಮನಸ್ಸಿನ ಆಟ, ಹೀಗೆ. ಈಗ ಅವಳನ್ನು ಉಳಿಸಿಕೊಳ್ಳಲು ನನಗೆ ಹೊಳೆದ ದಾರಿಯೂ ಅದೇ: ಲೆಕ್ಕ ತೋರಿಸಿ ಒಪ್ಪಿಸುವುದು. ಫರ್ಗಸ್ ನೀರು ಕಾಯಿಸಲು ಎದ್ದ ಹೊತ್ತಿನಲ್ಲಿ ಅವಳ ದುರದೃಷ್ಟ ಶುರುವಾದ ಮಾರ್ಚ್ 5ರಿಂದ ಬಿದ್ದ ಎಲ್ಲ ಎಸೆತಗಳ ದಾಖಲೆಯನ್ನು ಆಟದ ಜಾಲತಾಣದಿಂದ ಇಳಿಸಿಕೊಂಡೆ.

ಸರಿಯಾದ ದಾಳದ ಸರಾಸರಿ ಹತ್ತೂವರೆಯ ಆಸುಪಾಸಿನಲ್ಲಿರಬೇಕು. ನನ್ನದು 10.3, ಫರ್ಗಸನದು 10.7. ನೋಲೀನಳ 214 ಎಸೆತಗಳದ್ದು 7.2. ಒಂದೇ ಒಂದು ಇಪ್ಪತ್ತೂ ಬಿದ್ದಿರಲಿಲ್ಲ. ಎರಡನೆಯ ಸಲ ಲೆಕ್ಕ ಹಾಕಿದೆ. ಮೂರನೆಯ ಸಲವೂ ಹಾಕಿದೆ. ಆಮೇಲೆ ಪರದೆಯ ಮೇಲಿದ್ದ ಅವಳ ಒಂದು ಸಂಖ್ಯೆಯನ್ನು ಒತ್ತಿ ನೋಡಿದೆ. ಹೊರಗೆ ಕಾಣುತ್ತಿದ್ದ ನಾಲ್ಕರ ಹಿಂದೆ ಒಂದು ಹದಿನೇಳು ಅಡಗಿತ್ತು. ಇನ್ನೊಂದನ್ನು ಒತ್ತಿದರೆ ಒಂಬತ್ತರ ಹಿಂದೆ ಹನ್ನೆರಡು.

ಆಗ ನೆನಪಾಯಿತು. ಮಾರ್ಚ್ 5ರಂದು ಕಥೆಯ ಮಾಟಗಾತಿ ಬ್ರೆಕ್ಕಾಳಿಗೆ ಶಾಪ ಕೊಟ್ಟಿದ್ದಳು: ಪ್ರತಿ ಸಲ ಎರಡು ದಾಳ ಎಸೆದು ಸಣ್ಣದನ್ನೇ ಇಟ್ಟುಕೊಳ್ಳಬೇಕು. ಜಾಲತಾಣದ ಅವಳ ಪುಟದಲ್ಲಿ ಅದಕ್ಕೊಂದು ಟಿಕ್ ಹಾಕುವ ಚೌಕವಿದೆ. ಶಾಪ ಅಂದೇ ಸಂಜೆ ಇಳಿಯಿತು. ಟಿಕ್ ಇಳಿಯಲಿಲ್ಲ.

"ನೋಲೀನ್, ನೀನು ಹೇಳ್ತಿದ್ದದ್ದೇ ಸರಿ," ಎಂದೆ. "ನಿನ್ನ ದಾಳ ಮೂರು ತಿಂಗಳಿಂದ ಶಾಪದಲ್ಲೇ ಇದೆ." ಎಲ್ಲವನ್ನೂ ವಿವರಿಸಿದೆ.

ಅವಳು ಬಿಸ್ಕತ್ತು ಮುಗಿಸಿದಳು. "ಟಿಕ್ ಹಾಕಿದ್ಯಾರು?"

"ನೀನೇ."

"ಅದಿರ್ಲಿ. ಮೂರು ತಿಂಗಳು ನನ್ನ ತಲೆ ತಿಂದಿದ್ಯಾರು, ಪ್ರೊಫೆಸರ್?"

"ಮೊದಲು ಆ ಮೌಸಿನ ಹತ್ರ ಕ್ಷಮೆ ಕೇಳು ಮಾರಾಯ್ತಿ," ಎಂದ ಫರ್ಗಸ್. "ಪಾಪ, ತಪ್ಪು ಮಾಡದೆ ಜೈಲಲ್ಲಿತ್ತು."

ಅವಳು ಟಿಕ್ ತೆಗೆದಳು. ಸೇತುವೆ ದಾಟಲು ಹನ್ನೆರಡು ಬೇಕಿತ್ತು. ದಾಳ ಉರುಳಿತು. ಮೂರು.

ನೋಲೀನ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಂಖ್ಯೆಯನ್ನು ಒತ್ತಿ ನೋಡಿ, ಹಿಂದೆ ಏನೂ ಅಡಗಿಲ್ಲ ಎಂದು ಖಾತ್ರಿ ಮಾಡಿಕೊಂಡಳು. "ಇದು ನನ್ನ ಸ್ವಂತ ಮೂರು. ಬಿದ್ದೆ, ಸರಿ. ಈಜೋದಕ್ಕೆ ಇನ್ನೊಂದು ಎಸೆತ ಉಂಟಲ್ಲ?"

ಉಂಟು ಎಂದ ಫರ್ಗಸ್. ಹದಿನಾಲ್ಕು ಬಿತ್ತು. ಬ್ರೆಕ್ಕಾ ಕೆಮ್ಮುತ್ತ ದಡ ಹತ್ತಿದಳು, ಬೌಲ್ಸ್ ಕ್ಲಬ್ಬು ಮುಂದಿನ ವರ್ಷಕ್ಕೆ ಹೋಯಿತು.

ನನಗೂ ಶಿಕ್ಷೆಯಾಯಿತು: ಪಾಠ ಬಂದ್, ಬದಲಿಗೆ ಪ್ರತಿ ಭಾನುವಾರ ಆಟಕ್ಕೆ ಮೊದಲು ಅವಳ ಸರಾಸರಿಯನ್ನು ಗಟ್ಟಿಯಾಗಿ ಓದಬೇಕು. ಟಿಕ್ ತೆಗೆದ ಮೇಲೆ ಜುಲೈ 30ರ ತನಕ 88 ಎಸೆತಗಳಾಗಿವೆ. ಸರಾಸರಿ 10.4.